ಈ ಹುಡುಗ ಎನ್‌ಎಚ್‌ಎಲ್‌ಗೆ ರೆಡಿಯಾ? ಐಸ್ ಹಾಕಿಯ ಎಳೆಯರನ್ನು ಅಳೆಯುವ ಬಗೆ

ಸೆಪ್ಟೆಂಬರ್ ಬಂತೆಂದರೆ ಐಸ್ ಹಾಕಿ ಅಭಿಮಾನಿಗಳ ನಡುವೆ ಒಂದೇ ಜಗಳ. ಬೇಸಿಗೆಯಲ್ಲಿ ಡ್ರಾಫ್ಟ್ ಆದ (ತಂಡಗಳು ಸರದಿಯಂತೆ ಎಳೆಯರನ್ನು ಆರಿಸಿಕೊಳ್ಳುವಾಗ ಆಯ್ಕೆಯಾದ) ಹದಿನೆಂಟರ ಹುಡುಗನನ್ನು ಈ ವರ್ಷವೇ ಎನ್‌ಎಚ್‌ಎಲ್‌ನಲ್ಲಿ, ಅಂದರೆ ಉತ್ತರ ಅಮೆರಿಕದ ಅತಿ ದೊಡ್ಡ ಐಸ್ ಹಾಕಿ ಲೀಗ್‌ನಲ್ಲಿ, ಆಡಿಸಬೇಕಾ, ಇಲ್ಲಾ ವಾಪಸ್ ಕಳಿಸಬೇಕಾ? ಎರಡೂ ಕಡೆಯವರು ಹೈಲೈಟ್ ವಿಡಿಯೊ ತೋರಿಸುತ್ತಾರೆ, ಅಂಕಿ ತೋರಿಸುತ್ತಾರೆ. ಜಗಳ ಮಾತ್ರ ಮುಗಿಯುವುದಿಲ್ಲ.

ಲಿಯಾನ್ ಡ್ರೈಸೈಟಲ್ ಅವರ ಕಥೆ ನೋಡಿ. 2014ರ ಡ್ರಾಫ್ಟ್‌ನಲ್ಲಿ ಎಡ್ಮಂಟನ್ ಆಯ್ಲರ್ಸ್ ಅವರನ್ನು ಮೂರನೆಯವರಾಗಿ ಆರಿಸಿತು. ಅದೇ ಸೀಸನ್‌ನಲ್ಲಿ ಆಡಿಸಿಯೂ ಬಿಟ್ಟಿತು. 37 ಪಂದ್ಯಗಳಲ್ಲಿ 2 ಗೋಲು, 7 ಅಸಿಸ್ಟ್ (ಗೋಲಿಗೆ ನೆರವಾದ ಪಾಸ್). ಜನವರಿಯಲ್ಲಿ ಜೂನಿಯರ್ ಲೀಗ್‌ಗೆ ವಾಪಸ್. ಅಲ್ಲಿ ಕೆಲೋನಾ ರಾಕೆಟ್ಸ್ ಪರ ಆಡಿ, ಆ ವರ್ಷದ ಮೆಮೋರಿಯಲ್ ಕಪ್ (ಜೂನಿಯರ್ ಚಾಂಪಿಯನ್‌ಶಿಪ್) ಪಂದ್ಯಾವಳಿಯ ಅತ್ಯುತ್ತಮ ಆಟಗಾರ ಎನಿಸಿಕೊಂಡರು. ಮರುವರ್ಷ ಎನ್‌ಎಚ್‌ಎಲ್‌ನಲ್ಲಿ 72 ಪಂದ್ಯಗಳಿಗೆ 51 ಪಾಯಿಂಟ್ (ಗೋಲು, ಅಸಿಸ್ಟ್ ಎರಡೂ ಸೇರಿ). 2020ರಲ್ಲಿ ಹಾರ್ಟ್ ಟ್ರೋಫಿ, ಅಂದರೆ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರನ ಪ್ರಶಸ್ತಿ.

2014ರಲ್ಲಿ ಅವರಿಗೆ ಪ್ರತಿಭೆ ಇರಲಿಲ್ಲವೇ? ಇತ್ತು. ಹಾಗಾಗಿ 'ಹುಡುಗ ಚೆನ್ನಾಗಿ ಆಡ್ತಾನಾ' ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ. ಈ ವರ್ಷ, ಈ ತಂಡದಲ್ಲಿ, ಈ ಜಾಗದಲ್ಲಿ ಆಡಿದರೆ ಅವನ ಆಟ ಬೆಳೆಯುತ್ತದಾ ಅನ್ನೋದು ಪ್ರಶ್ನೆ. ಅದನ್ನು ತಿಳಿಯಲು ನಾನು ನೋಡುವ ವಿಷಯಗಳನ್ನು, ನೋಡುವ ಕ್ರಮದಲ್ಲೇ ಕೊಡುತ್ತೇನೆ.

1. ಮೊದಲು ಹುಟ್ಟಿದ ದಿನ ನೋಡಿ

ಡ್ರಾಫ್ಟ್ ಆದ ವರ್ಷ ಒಂದೇ ಆದರೂ ಎಲ್ಲರ ವಯಸ್ಸು ಒಂದೇ ಅಲ್ಲ. ಡ್ರಾಫ್ಟ್ ನಡೆಯುವ ವರ್ಷದ ಸೆಪ್ಟೆಂಬರ್ 15ರೊಳಗೆ 18 ತುಂಬುವವರು ಆ ಸಲ ಅರ್ಹರು. ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದು 1997ರ ಸೆಪ್ಟೆಂಬರ್ 17ರಂದು. ಎರಡೇ ದಿನ ತಡವಾಗಿ ಹುಟ್ಟಿದ್ದಕ್ಕೆ 2015ರ ಡ್ರಾಫ್ಟ್ ತಪ್ಪಿ, 2016ಕ್ಕೆ ಹೋದರು. ನಡುವಿನ ಆ ಒಂದು ವರ್ಷ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ತಂಡದಲ್ಲಿ ದೊಡ್ಡವರ ಜೊತೆ ಆಡಿದರು. ಎನ್‌ಎಚ್‌ಎಲ್‌ನ ಮೊದಲ ಪಂದ್ಯದಲ್ಲೇ ನಾಲ್ಕು ಗೋಲು ಹೊಡೆದರು. ಮೊದಲ ಸೀಸನ್‌ನಲ್ಲಿ 40.

ಈ ವಯಸ್ಸಿನಲ್ಲಿ ಹತ್ತು ಹನ್ನೊಂದು ತಿಂಗಳ ಅಂತರ ಸಣ್ಣದಲ್ಲ. ಇಬ್ಬರು ಹುಡುಗರು ಒಂದೇ ಲೀಗ್‌ನಲ್ಲಿ ಒಂದೇ ಪಾಯಿಂಟ್ ಗಳಿಸಿದ್ದರೆ, ಆಗಸ್ಟ್‌ನಲ್ಲಿ ಹುಟ್ಟಿದ ಚಿಕ್ಕವನಿಗೆ ಮುಂದೆ ಬೆಳೆಯಲು ಜಾಸ್ತಿ ಜಾಗ ಇದೆ. ಆದರೆ ಇದೇ ಅಕ್ಟೋಬರ್‌ಗೆ ರೆಡಿ ಇರುವ ಸಾಧ್ಯತೆ ದೊಡ್ಡವನಿಗೇ ಹೆಚ್ಚು. ಈ ಎರಡು ಮಾತನ್ನು ಜನ ಸದಾ ಕಲಸಿಬಿಡುತ್ತಾರೆ. ಮುಂದೆ ಎಷ್ಟು ದೊಡ್ಡ ಆಟಗಾರ ಆಗ್ತಾನೆ ಅನ್ನೋದು ಬೇರೆ, ಈಗ ತಯಾರಿದ್ದಾನಾ ಅನ್ನೋದು ಬೇರೆ.

2. ಪಾಯಿಂಟ್‌ಗಳನ್ನು ಲೀಗ್‌ಗೆ ತಕ್ಕಂತೆ ಇಳಿಸಿ

ಕೆನಡಾದ ಜೂನಿಯರ್ ಲೀಗ್‌ಗಳಲ್ಲಿ ಆಡುವವರು ಹೆಚ್ಚಾಗಿ 16ರಿಂದ 20ರ ಹುಡುಗರು. ಎನ್‌ಎಚ್‌ಎಲ್‌ಗೆ ಒಂದು ಮೆಟ್ಟಿಲು ಕೆಳಗಿನ ಎಎಚ್‌ಎಲ್‌ನಲ್ಲಿ ಮೂವತ್ತು ದಾಟಿದ, ಕುಟುಂಬಸ್ಥ ಗಂಡಸರಿದ್ದಾರೆ. ಸ್ವೀಡನ್, ಫಿನ್‌ಲೆಂಡ್‌ನ ಮೇಲ್ಮಟ್ಟದ ಲೀಗ್‌ಗಳೂ ದೊಡ್ಡವರ ಲೀಗ್‌ಗಳೇ. ಅಲ್ಲಿ ಹದಿನೆಂಟರ ಹುಡುಗ ಪಂದ್ಯಕ್ಕೆ ಹತ್ತು ನಿಮಿಷ ಆಡಿ, ಸೀಸನ್‌ಗೆ ಹದಿನೈದು ಪಾಯಿಂಟ್ ತಂದರೂ ಅದು ದೊಡ್ಡದೇ.

ಇದನ್ನು ಅಳೆಯಲು ವಿಶ್ಲೇಷಕರು ಒಂದು ಸುಲಭ ಲೆಕ್ಕ ಮಾಡಿಕೊಂಡಿದ್ದಾರೆ. ಆ ಲೀಗ್‌ನಿಂದ ಎನ್‌ಎಚ್‌ಎಲ್‌ಗೆ ಹೋದವರ ಪಾಯಿಂಟ್ ಸರಾಸರಿ ಎಷ್ಟು ಕುಸಿಯಿತು ಎಂದು ನೋಡಿ, ಪ್ರತಿ ಲೀಗ್‌ಗೂ ಒಂದು ಗುಣಕ ಕೊಡುವುದು. ಜೂನಿಯರ್ ಲೀಗ್‌ಗಳಿಗೆ ಇದು ಸುಮಾರು 0.3 ಎಂದು, ಎಎಚ್‌ಎಲ್‌ಗೆ 0.45ರ ಆಸುಪಾಸು ಎಂದು ಬಹಳ ಕಾಲ ಹಿಡಿದಿದ್ದರು. ಒಬ್ಬ ಹುಡುಗ ಒಎಚ್‌ಎಲ್‌ನಲ್ಲಿ (ಕೆನಡಾದ ಒಂದು ಜೂನಿಯರ್ ಲೀಗ್) 68 ಪಂದ್ಯಗಳಿಗೆ 100 ಪಾಯಿಂಟ್ ಗಳಿಸಿದ ಅಂದುಕೊಳ್ಳಿ. ಪಂದ್ಯಕ್ಕೆ 1.47. ಅದನ್ನು 0.3ರಿಂದ, ಆಮೇಲೆ 2025-26ರವರೆಗೆ ಎನ್‌ಎಚ್‌ಎಲ್ ಸೀಸನ್‌ಗೆ ಇದ್ದ 82 ಪಂದ್ಯಗಳಿಂದ ಗುಣಿಸಿದರೆ ಬರುವುದು ಸುಮಾರು 36 ಪಾಯಿಂಟ್. ನೂರರ ಹುಡುಗ ಮೂವತ್ತಾರಕ್ಕೆ ಇಳಿದ! ಹೆದರಬೇಡಿ, ಹದಿನೆಂಟರಲ್ಲಿ ಮೂವತ್ತಾರು ಅಂದರೆ ಒಳ್ಳೆಯ ಸಂಖ್ಯೆಯೇ.

ಆದರೆ ಲೆಕ್ಕ ಇಲ್ಲಿಗೇ ನಿಲ್ಲಿಸಿದರೆ ಮೋಸ ಹೋಗುತ್ತೀರಿ. ಆ ನೂರು ಪಾಯಿಂಟ್‌ಗಳನ್ನು ಬಿಡಿಸಿ ನೋಡಿ. ಪವರ್ ಪ್ಲೇನಲ್ಲಿ (ಶಿಕ್ಷೆಯಿಂದ ಎದುರಾಳಿ ತಂಡದಲ್ಲಿ ಆಟಗಾರ ಕಡಿಮೆ ಇರುವಾಗ) ಬಂದದ್ದೆಷ್ಟು, ಐದಕ್ಕೆ ಐದು ಆಡುವಾಗ ಬಂದದ್ದೆಷ್ಟು? ಮೊದಲ ವರ್ಷ ಎನ್‌ಎಚ್‌ಎಲ್ ಕೋಚ್ ಪವರ್ ಪ್ಲೇನ ಒಳ್ಳೆಯ ಜಾಗವನ್ನು ಹೊಸಬನಿಗೆ ಕೊಡುವುದು ಅಪರೂಪ. ಹಾಗಾಗಿ ಅರ್ಧಕ್ಕರ್ಧ ಪವರ್ ಪ್ಲೇನಿಂದಲೇ ಬಂದಿದ್ದರೆ ಆ ಪಾಲು ಮೊದಲೇ ಹೋಯಿತು ಎಂದುಕೊಳ್ಳಿ. ಅಸಿಸ್ಟ್‌ಗಳಲ್ಲಿ ಗೋಲಿಗೆ ಮುಂಚಿನ ಕೊನೆಯ ಪಾಸ್ ಎಷ್ಟು, ಅದಕ್ಕೂ ಹಿಂದಿನ ಪಾಸ್ ಎಷ್ಟು ಎಂದೂ ನೋಡಿ. ಎರಡನೆಯದರಲ್ಲಿ ಅದೃಷ್ಟ ಜಾಸ್ತಿ. ಗೋಲು ಹೊಡೆಯುವವನಾದರೆ ಹೊಡೆತಗಳ ಶೇಕಡಾ ನೋಡಿ. ಎನ್‌ಎಚ್‌ಎಲ್‌ನಲ್ಲಿ ಸರಾಸರಿ ಹತ್ತು ಹೊಡೆತಕ್ಕೆ ಒಂದು ಗೋಲು. ಜೂನಿಯರ್‌ನಲ್ಲಿ ನಾಲ್ಕಕ್ಕೆ ಒಂದರಂತೆ ಹೊಡೆದವನು ಮೇಲೆ ಹೋದಾಗ ಅದೇ ದರ ಇರಲ್ಲ. ಅಲ್ಲಿನ ಗೋಲಿಗಳು (ಗೋಲ್‌ಕೀಪರ್‌ಗಳು) ಬಿಡುವುದಿಲ್ಲ.

ಇನ್ನು ವರ್ಲ್ಡ್ ಜೂನಿಯರ್ಸ್. ಡಿಸೆಂಬರ್ ಕೊನೆಯಿಂದ ಜನವರಿ ಮೊದಲ ವಾರದವರೆಗೆ ನಡೆಯುವ 20ರೊಳಗಿನವರ ಪಂದ್ಯಾವಳಿ. ನೋಡಲು ಬಹಳ ಖುಷಿ. ಆದರೆ ಫೈನಲ್‌ವರೆಗೆ ಹೋದರೂ ಆರೇಳು ಪಂದ್ಯ, ಅದರಲ್ಲೂ ಒಂದೆರಡು ದುರ್ಬಲ ತಂಡಗಳ ವಿರುದ್ಧ. ಅಷ್ಟನ್ನು ನೋಡಿ ತೀರ್ಪು ಕೊಡಬೇಡಿ.

3. ಪಕ್ ಬಿಟ್ಟು ಹುಡುಗನನ್ನು ನೋಡಿ

ಎಲ್ಲಕ್ಕಿಂತ ಮುಖ್ಯ ಹಂತ ಇದು. ಜೂನಿಯರ್‌ಗೂ ಎನ್‌ಎಚ್‌ಎಲ್‌ಗೂ ಇರುವ ದೊಡ್ಡ ವ್ಯತ್ಯಾಸ ಸ್ಕೇಟಿಂಗ್ ವೇಗ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಅದು ಅರ್ಧ ಸತ್ಯ. ನಿಜವಾಗಿ ಕಡಿಮೆಯಾಗುವುದು ಯೋಚಿಸಲು ಸಿಗುವ ಸಮಯ. ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಕೋಲಿಗೆ ಬಂದ ಮೇಲೆ 'ಈಗ ಏನು ಮಾಡಲಿ' ಎಂದು ನೋಡುವವನಿಗೆ ಅಲ್ಲಿ ಉಳಿಗಾಲ ಇಲ್ಲ. ಬರುವ ಮುಂಚೆಯೇ ಗೊತ್ತಿರಬೇಕು.

ಹಾಗಾಗಿ ಒಂದು ಪೂರ್ತಿ ಪಂದ್ಯ ಹಾಕಿಕೊಂಡು ಅವನೊಬ್ಬನನ್ನೇ ನೋಡಿ. ಪಕ್ ಎಲ್ಲಿ ಬೇಕಾದರೂ ಹೋಗಲಿ.

ಡಿಫೆನ್ಸ್‌ಮನ್ ಆಗಿದ್ದರೆ ಈ ಒಂದು ಸನ್ನಿವೇಶಕ್ಕೆ ಕಾಯಿರಿ. ಎದುರಾಳಿ ನಡುಗೆರೆ ದಾಟಿ ಪಕ್ ಅನ್ನು ಮೂಲೆಗೆ ಎಸೆಯುತ್ತಾನೆ. ನಮ್ಮ ಹುಡುಗ ತಿರುಗಿ, ಗೋಲಿನ ಹಿಂದಿನ ಬೋರ್ಡ್ (ರಿಂಕ್ ಸುತ್ತಲಿನ ತಡೆಗೋಡೆ) ಕಡೆ ಓಡುತ್ತಾನೆ. ಬೆನ್ನ ಹಿಂದೆ ಒಬ್ಬ ಗುದ್ದಲು ಬರುತ್ತಿದ್ದಾನೆ. ಈಗ ಹುಡುಗನ ತಲೆ ನೋಡಿ. ಪಕ್ ತಲುಪುವ ಮುಂಚೆ ಒಂದು ಸಲ ಎಡಭುಜದ ಮೇಲಿಂದ, ಇನ್ನೊಂದು ಸಲ ಬಲಭುಜದ ಮೇಲಿಂದ ಹಿಂದಕ್ಕೆ ನೋಡಿದನಾ? ನೋಡಿದವನಿಗೆ ಬೆನ್ನಟ್ಟುವವನು ಯಾವ ಕಡೆಯಿಂದ ಬರುತ್ತಿದ್ದಾನೆ, ತನ್ನ ಜೊತೆಗಾರ ಎಲ್ಲಿದ್ದಾನೆ ಎಂದು ಗೊತ್ತು. ಒಂದು ಕಡೆ ಹೋಗುವಂತೆ ಭುಜ ಬಾಗಿಸಿ, ಇನ್ನೊಂದು ಕಡೆ ತಿರುಗುತ್ತಾನೆ. ಮೊದಲ ಸ್ಪರ್ಶದಲ್ಲೇ ಪಾಸ್ ಕೊಟ್ಟು ಮುಗಿಸುತ್ತಾನೆ. ನೋಡದವನು ಪಕ್ ಹಿಡಿದು, ತಲೆ ಎತ್ತಿ, ಆಗ ಹುಡುಕುತ್ತಾನೆ. ಜೂನಿಯರ್‌ನಲ್ಲಿ ಆ ಹೊತ್ತಿಗೂ ಅವನಿಗೆ ಸಮಯ ಇರುತ್ತದೆ. ಎನ್‌ಎಚ್‌ಎಲ್‌ನಲ್ಲಿ ಅಷ್ಟರಲ್ಲಿ ಅವನು ಗಾಜಿಗೆ ಅಂಟಿಕೊಂಡಿರುತ್ತಾನೆ, ಪಕ್ ನಮ್ಮ ಗೋಲಿನ ಮುಂದಿರುತ್ತದೆ.

ಫಾರ್ವರ್ಡ್ ಆಗಿದ್ದರೆ ಬೋರ್ಡ್ ಪಕ್ಕದ ಕೆಲಸ ನೋಡಿ. ತನ್ನದೇ ವಲಯದಲ್ಲಿ, ಬೋರ್ಡ್ ಗುಂಟ ಬರುವ ಪಾಸ್ ಅನ್ನು ವಿಂಗರ್ (ಅಂಚಿನ ಫಾರ್ವರ್ಡ್) ಹಿಡಿಯಬೇಕು. ಎದುರಾಳಿ ಡಿಫೆನ್ಸ್‌ಮನ್ ಒಳಕ್ಕೆ ನುಗ್ಗಿ ಒತ್ತುತ್ತಿರುತ್ತಾನೆ. ಚಂದದ ಆಟ ಏನೂ ಬೇಕಿಲ್ಲ, ಪಕ್ ತನ್ನ ವಲಯದ ಅಂಚಿನ ನೀಲಿ ಗೆರೆ ದಾಟಿದರೆ ಸಾಕು. ಪಂದ್ಯದಲ್ಲಿ ಇದು ಎಷ್ಟು ಸಲ ಬರುತ್ತದೆ, ಎಷ್ಟು ಸಲ ದಾಟಿಸಿದ ಎಂದು ಹಾಳೆಯಲ್ಲಿ ಗೀಟು ಹಾಕುತ್ತಾ ಹೋಗಿ. ಸುಮ್ನೆ ಅನಿಸಿದ್ದಕ್ಕಿಂತ ಗೀಟು ವಾಸಿ. ಗೋಲು ಹೊಡೆಯುವ ಹುಡುಗನನ್ನೂ ಕೋಚ್ ಬೆಂಚಿನಲ್ಲಿ ಕೂರಿಸುವುದು ಸಾಮಾನ್ಯವಾಗಿ ಇಂಥ ಜಾಗದಲ್ಲಿ ಮಾಡಿದ ತಪ್ಪಿಗೇ.

ಇನ್ನೆರಡು ವಿಷಯ ಗಮನಿಸಿ. ಒಂದು, ಶಿಫ್ಟ್‌ನ (ಐಸ್‌ಗೆ ಇಳಿದು ಬೆಂಚಿಗೆ ಮರಳುವವರೆಗಿನ ಒಂದು ಸರದಿ) ಕೊನೆ. ಮೇಲ್ಮಟ್ಟದಲ್ಲಿ ಒಂದು ಶಿಫ್ಟ್ ಸುಮಾರು ಮುಕ್ಕಾಲು ನಿಮಿಷ. ಜೂನಿಯರ್‌ನ ತಾರೆಗಳು ಒಂದೂವರೆ ನಿಮಿಷ ಐಸ್ ಮೇಲೆ ಉಳಿಯುತ್ತಾರೆ. ಅರ್ಧ ಹೊತ್ತು ತೇಲಾಡಿ, ಅವಕಾಶ ಸಿಕ್ಕಾಗ ಹಾರುತ್ತಾರೆ. ಈ ಚಾಳಿ ಇದ್ದರೆ ಬರೆದಿಟ್ಟುಕೊಳ್ಳಿ. ಎರಡು, ಪಕ್ ಕಳೆದುಕೊಂಡ ಮೇಲಿನ ಮೊದಲ ಮೂರು ಹೆಜ್ಜೆ. ಕೈ ಚೆಲ್ಲಿ ರೆಫರಿ ಕಡೆ ನೋಡುತ್ತಾನಾ, ತಕ್ಷಣ ತಿರುಗಿ ಬೆನ್ನಟ್ಟುತ್ತಾನಾ?

ಸುಲಭವಾಗಿ ಮೋಸ ಮಾಡುವ ಆಟಗಾರ ಅಂದರೆ ಜೂನಿಯರ್‌ನಲ್ಲಿ ಎದುರಾಳಿಯನ್ನು ಸುತ್ತು ಹಾಕಿ ಹೋಗುವವನು. ಹೊರಗಿನಿಂದ ವೇಗವಾಗಿ ಬಳಸಿ ಗೋಲಿಗೆ ನುಗ್ಗುವುದು ಅಲ್ಲಿ ನಡೆಯುತ್ತದೆ. ಎನ್‌ಎಚ್‌ಎಲ್ ಡಿಫೆನ್ಸ್‌ಮನ್ ಅವನನ್ನು ಹೊರಗೇ ಇಟ್ಟು ಬೋರ್ಡ್‌ಗೆ ಒತ್ತಿಬಿಡುತ್ತಾನೆ. ಹಾಗಾಗಿ ಗೋಲುಗಳ ವಿಡಿಯೊ ನೋಡುವಾಗ ಕೇಳಿಕೊಳ್ಳಿ: ಇದೇ ಗೋಲು ದೊಡ್ಡವರ ಎದುರು ಆಗುತ್ತಿತ್ತಾ? ನಡುವಿನ ಜಾಗಕ್ಕೆ ಹೊಕ್ಕು ಹೊಡೆದದ್ದು, ಗೋಲಿ ಮುಂದೆ ನಿಂತು ತಿರುಗಿಸಿದ್ದು, ಒಂದೇ ಸ್ಪರ್ಶದಲ್ಲಿ ಹೊಡೆದದ್ದು ಜೊತೆಗೆ ಬರುತ್ತವೆ. ಮೂವರನ್ನು ದಾಟಿ ಹೊಡೆದದ್ದು ಬರುವುದಿಲ್ಲ.

ಯೂರೋಪಿನವರ ಬಗ್ಗೆ ಒಂದು ಮಾತು. ಎನ್‌ಎಚ್‌ಎಲ್ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ, ಅಂದರೆ ಸುಮಾರು 26 ಮೀಟರ್ ಅಗಲ. ಹಳೆಯ ಅಂತರರಾಷ್ಟ್ರೀಯ ಅಳತೆ 30 ಮೀಟರ್. ಅಗಲದ ರಿಂಕ್‌ನಲ್ಲಿ ಬೆಳೆದವನಿಗೆ ಆ ನಾಲ್ಕು ಮೀಟರ್ ಕಡಿಮೆಯಾದದ್ದು ಬೋರ್ಡ್ ಪಕ್ಕದಲ್ಲೇ ಮೊದಲು ಗೊತ್ತಾಗುವುದು.

4. ಮೈಕಟ್ಟಿಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟೇ ಕೊಡಿ

ಡ್ರಾಫ್ಟ್‌ಗೆ ಮುಂಚೆ ಲೀಗ್ ಒಂದು ದೈಹಿಕ ಪರೀಕ್ಷೆ ನಡೆಸುತ್ತದೆ. ಸೈಕಲ್ ತುಳಿಸುತ್ತಾರೆ, ಜಿಗಿಸುತ್ತಾರೆ, ಪುಲ್ ಅಪ್ ಮಾಡಿಸುತ್ತಾರೆ. ಐಸ್ ಮೇಲೆ ಮಾತ್ರ ಏನೂ ಇಲ್ಲ! 2014ರಲ್ಲಿ ಸ್ಯಾಮ್ ಬೆನೆಟ್ ಅವರಿಗೆ ಅಲ್ಲಿ ಒಂದು ಪುಲ್ ಅಪ್ ಕೂಡ ಹೊಡೆಯಲಾಗಲಿಲ್ಲ. ಭಾರೀ ಗೇಲಿಯಾಯಿತು. ಆದರೂ ಕ್ಯಾಲ್ಗರಿ ನಾಲ್ಕನೆಯವರಾಗಿ ಆರಿಸಿತು. 2025ರಲ್ಲಿ ಫ್ಲೋರಿಡಾ ಪರ ಸ್ಟಾನ್ಲಿ ಕಪ್ ಗೆದ್ದು, ಪ್ಲೇಆಫ್‌ನ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಕಾನ್ ಸ್ಮೈಥ್ ಟ್ರೋಫಿ ಎತ್ತಿದ್ದೂ ಇದೇ ಬೆನೆಟ್.

ಎತ್ತರವೂ ಹಾಗೆಯೇ. ಲೇನ್ ಹಟ್ಸನ್ ಐದಡಿ ಒಂಬತ್ತಿಂಚಿನ ಡಿಫೆನ್ಸ್‌ಮನ್. 2022ರಲ್ಲಿ ಅವರ ಹೆಸರು ಬಂದದ್ದು 62ನೆಯದಾಗಿ. ಎರಡು ವರ್ಷ ಬಾಸ್ಟನ್ ಯೂನಿವರ್ಸಿಟಿಯಲ್ಲಿ ಆಡಿ, 2024-25ರಲ್ಲಿ ಮಾಂಟ್ರಿಯಲ್ ಪರ 66 ಪಾಯಿಂಟ್ ಗಳಿಸಿ, ವರ್ಷದ ಹೊಸ ಆಟಗಾರನ ಕಾಲ್ಡರ್ ಟ್ರೋಫಿ ಗೆದ್ದರು. ಗುದ್ದಾಟದಲ್ಲಿ ಗೆಲ್ಲುವ ಬದಲು ಗುದ್ದಾಟಕ್ಕೇ ಸಿಗದಂತೆ ಆಡುವುದು ಅವರ ದಾರಿ.

ಹಾಗಂತ ಬಲ ಬೇಡವೇ ಬೇಡ ಅಂತಲ್ಲ. ಎಂಬತ್ತಕ್ಕೂ ಹೆಚ್ಚು ಪಂದ್ಯ, ವಿಮಾನ ಪ್ರಯಾಣ, ಸತತ ಎರಡು ರಾತ್ರಿ ಆಟ. ಕಾಲೇಜಿನಲ್ಲಿ ವರ್ಷಕ್ಕೆ ಮೂವತ್ತೈದು ನಲವತ್ತು ಪಂದ್ಯ ಆಡಿದವನಿಗೆ ಡಿಸೆಂಬರ್ ಹೊತ್ತಿಗೆ ಕಾಲು ಭಾರವಾಗುತ್ತದೆ. ತೂಕದ ಸಂಖ್ಯೆ ನೋಡುವ ಬದಲು ಮೂರನೇ ಪೀರಿಯಡ್‌ನಲ್ಲಿ, ಸತತ ಪಂದ್ಯಗಳ ಎರಡನೇ ರಾತ್ರಿಯಲ್ಲಿ ಅವನ ಸ್ಕೇಟಿಂಗ್ ನೋಡಿ.

5. ಜಾಗಕ್ಕೆ ತಕ್ಕ ಗಡುವು

ವಿಂಗರ್ ಬೇಗ ತಯಾರಾಗುತ್ತಾನೆ. ಸೆಂಟರ್‌ಗೆ (ನಡುವಿನ ಫಾರ್ವರ್ಡ್‌ಗೆ) ಫೇಸ್ಆಫ್ (ಆಟ ಶುರುವಾಗುವಾಗ ಪಕ್‌ಗಾಗಿ ಇಬ್ಬರ ಸೆಣಸು) ಜೊತೆಗೆ ಸ್ವಂತ ವಲಯದ ಜವಾಬ್ದಾರಿಯೂ ಇರುವುದರಿಂದ ತಡ. ಅದಕ್ಕೇ ಎಷ್ಟೋ ಎಳೆ ಸೆಂಟರ್‌ಗಳನ್ನು ಮೊದಲು ವಿಂಗ್‌ನಲ್ಲಿ ಆಡಿಸುತ್ತಾರೆ. ಡಿಫೆನ್ಸ್‌ಮನ್‌ಗೆ ಇನ್ನೂ ತಡ. ಗೋಲಿಯ ವಿಷಯದಲ್ಲಿ ಹದಿನೆಂಟು ಹತ್ತೊಂಬತ್ತಕ್ಕೆ ಮಾತೇ ಬೇಡ. ಕಾನರ್ ಹೆಲೆಬಕ್ 2012ರಲ್ಲಿ 130ನೆಯವರಾಗಿ ಡ್ರಾಫ್ಟ್ ಆಗಿ, ಕಾಲೇಜು, ಎಎಚ್‌ಎಲ್ ದಾಟಿ ಎನ್‌ಎಚ್‌ಎಲ್‌ಗೆ ಇಳಿದದ್ದು 2015ರಲ್ಲಿ. ಇಗೋರ್ ಶೆಸ್ಟರ್ಕಿನ್ 2014ರಲ್ಲಿ ಡ್ರಾಫ್ಟ್, ಮೊದಲ ಎನ್‌ಎಚ್‌ಎಲ್ ಪಂದ್ಯ 2020ರಲ್ಲಿ.

6. ನಿಯಮ ತಿಳಿಯದೆ ಕೋಚ್‌ಗೆ ಬೈಯಬೇಡಿ

ಹುಡುಗನನ್ನು ಎಲ್ಲಿ ಆಡಿಸಬೇಕು ಎನ್ನುವುದನ್ನು ಅರ್ಧ ಆಟ ನಿರ್ಧರಿಸಿದರೆ, ಇನ್ನರ್ಧ ಕಾಗದಪತ್ರ ನಿರ್ಧರಿಸುತ್ತದೆ. 18-19 ವಯಸ್ಸಿನವನು ಎನ್‌ಎಚ್‌ಎಲ್‌ನಲ್ಲಿ ಹತ್ತಕ್ಕಿಂತ ಕಡಿಮೆ ಪಂದ್ಯ ಆಡಿದರೆ ಅವನ ಮೂರು ವರ್ಷದ ಮೊದಲ ಒಪ್ಪಂದ ಒಂದು ವರ್ಷ ಮುಂದೆ ಸರಿಯುತ್ತದೆ. ಅದಕ್ಕೇ ಅಕ್ಟೋಬರ್ ಕೊನೆಯಲ್ಲಿ 'ಒಂಬತ್ತು ಪಂದ್ಯದ ಪರೀಕ್ಷೆ' ಎಂಬ ಮಾತು ಕೇಳಿಬರುವುದು. ಮುಂದಿನ ಗೆರೆ 40 ಪಂದ್ಯ. ಅಷ್ಟು ಪಂದ್ಯಗಳ ಕಾಲ ತಂಡದ ಪಟ್ಟಿಯಲ್ಲಿದ್ದರೆ ಮುಕ್ತ ಆಟಗಾರನಾಗುವ (ಯಾವ ತಂಡವನ್ನಾದರೂ ಸೇರಬಹುದಾದ) ದಿನ ಒಂದು ಸೀಸನ್ ಹತ್ತಿರ ಬರುತ್ತದೆ. ಡ್ರೈಸೈಟಲ್ ಅವರನ್ನು 37ಕ್ಕೇ ನಿಲ್ಲಿಸಿದಾಗ ಈ ಲೆಕ್ಕದ ಮಾತೂ ಬಂದಿತ್ತು.

ಇನ್ನೊಂದು ತೊಡಕು. ಕೆನಡಾದ ಜೂನಿಯರ್ ಲೀಗ್‌ಗಳಿಂದ ಡ್ರಾಫ್ಟ್ ಆದ ಹದಿಹರೆಯದವನಿಗೆ ಬಹಳ ಕಾಲ ಎರಡೇ ದಾರಿ ಇದ್ದವು. ಎನ್‌ಎಚ್‌ಎಲ್‌ನಲ್ಲಿ ಆಡು, ಇಲ್ಲಾ ಜೂನಿಯರ್‌ಗೆ ಮರಳು. ನಡುವಿನ ಎಎಚ್‌ಎಲ್ ಬಾಗಿಲು ಮುಚ್ಚಿತ್ತು. ಯೂರೋಪಿನಿಂದ ಡ್ರಾಫ್ಟ್ ಆದವನಿಗೆ ಅದು ಮೊದಲಿನಿಂದಲೂ ತೆರೆದಿದೆ. ಲೀಗ್ ಮತ್ತು ಆಟಗಾರರ ಸಂಘ 2025ರಲ್ಲಿ ಒಪ್ಪಿಕೊಂಡ ಹೊಸ ಒಪ್ಪಂದದಂತೆ, 2026-27ರಿಂದ ಪ್ರತಿ ತಂಡ ಇಂಥ ಒಬ್ಬ 19ರ ಆಟಗಾರನನ್ನು ಎಎಚ್‌ಎಲ್‌ಗೆ ಕಳಿಸಬಹುದು. ಅಮೆರಿಕದ ಕಾಲೇಜುಗಳೂ 2025ರ ಆಗಸ್ಟ್‌ನಿಂದ ಕೆನಡಾ ಜೂನಿಯರ್‌ಗಳಿಗೆ ಬಾಗಿಲು ತೆರೆದಿವೆ. ಗ್ಯಾವಿನ್ ಮೆಕೆನಾ ಮೆಡಿಸಿನ್ ಹ್ಯಾಟ್ ಜೂನಿಯರ್ ತಂಡ ಬಿಟ್ಟು ಪೆನ್ ಸ್ಟೇಟ್ ಯೂನಿವರ್ಸಿಟಿ ಸೇರಿದ್ದು ಇದೇ ಬಾಗಿಲಿನಿಂದ. 'ರೆಡಿ ಇಲ್ಲ, ಆದರೆ ಜೂನಿಯರ್‌ನಲ್ಲಿ ಕಲಿಯಲು ಏನೂ ಉಳಿದಿಲ್ಲ' ಎನ್ನುವ ಹುಡುಗರಿಗೆ ಇವು ನಿಜವಾಗಿ ಬೇಕಿದ್ದ ದಾರಿಗಳು.

7. ತಂಡದಲ್ಲಿ ಅವನಿಗೆ ಸಿಗುವ ಜಾಗ ನೋಡಿ

ಶೇನ್ ರೈಟ್ ಅವರನ್ನು 2022ರಲ್ಲಿ ಸಿಯಾಟಲ್ ಕ್ರಾಕನ್ ನಾಲ್ಕನೆಯವರಾಗಿ ಆರಿಸಿತು. ಆ ಸೀಸನ್‌ನಲ್ಲಿ ಎನ್‌ಎಚ್‌ಎಲ್‌ನಲ್ಲಿ ಆಡಿದ್ದು 8 ಪಂದ್ಯ, ಅದೂ ಪಂದ್ಯಕ್ಕೆ ಹತ್ತು ನಿಮಿಷಕ್ಕಿಂತ ಕಡಿಮೆ. ಎಷ್ಟೋ ರಾತ್ರಿ ಗ್ಯಾಲರಿಯಲ್ಲೇ ಕೂತರು. ಇದರಿಂದ ಯಾರಿಗೆ ಏನು ಲಾಭ? ಕೊನೆಗೆ ಜೂನಿಯರ್‌ಗೆ ಮರಳಿದರು. ಮುಂದಿನ ವರ್ಷ ವಿಶೇಷ ಅನುಮತಿ ಸಿಕ್ಕಿ, ಹೆಚ್ಚಾಗಿ ಎಎಚ್‌ಎಲ್‌ನಲ್ಲೇ ಆಡಿ 22 ಗೋಲು ಹೊಡೆದರು. 2024-25ರಲ್ಲಿ ಸಿಯಾಟಲ್‌ನಲ್ಲಿ ಪೂರ್ತಿ ಸೀಸನ್ ನಿಂತು 44 ಪಾಯಿಂಟ್ ತಂದರು.

ಡೆಟ್ರಾಯಿಟ್ ತಂಡವನ್ನು ಕೆನ್ ಹಾಲೆಂಡ್ ನಡೆಸುತ್ತಿದ್ದ ಕಾಲದಲ್ಲಿ ಗಿಡದಲ್ಲೇ ಪೂರ್ತಿ ಹಣ್ಣಾಗಲಿ, ಬೇಕಿದ್ದರೆ ಸ್ವಲ್ಪ ಜಾಸ್ತಿಯೇ ಹಣ್ಣಾಗಲಿ ಎನ್ನುವುದೇ ಪದ್ಧತಿ. ಗುಸ್ತಾವ್ ನೈಕ್ವಿಸ್ಟ್ 2008ರಲ್ಲಿ ಡ್ರಾಫ್ಟ್ ಆಗಿ, ತಂಡದಲ್ಲಿ ಭದ್ರವಾಗಿ ನೆಲೆ ನಿಂತದ್ದು 2013-14ರಲ್ಲಿ. ಆ ವರ್ಷ 57 ಪಂದ್ಯಗಳಲ್ಲಿ 28 ಗೋಲು. ಕೇಲ್ ಮಕಾರ್ ಕೂಡ 2017ರಲ್ಲಿ ನಾಲ್ಕನೆಯವರಾಗಿ ಡ್ರಾಫ್ಟ್ ಆದ ಮೇಲೆ ಎರಡು ವರ್ಷ ಕಾಲೇಜಿನಲ್ಲಿ ಉಳಿದರು. 2019ರ ಪ್ಲೇಆಫ್‌ನಲ್ಲಿ ನೇರವಾಗಿ ಇಳಿದು ಮೊದಲ ಪಂದ್ಯದಲ್ಲೇ ಗೋಲು.

ಇದಕ್ಕೆ ಎದುರು ಉದಾಹರಣೆಯೂ ಇದೆ, ಮುಚ್ಚಿಡಬಾರದು. 2022ರ ಮೊದಲ ಆಯ್ಕೆ ಯುರಾಯ್ ಸ್ಲಾಫ್ಕೋವ್ಸ್ಕಿ ಅವರನ್ನು ಮಾಂಟ್ರಿಯಲ್ ವಾಪಸ್ ಕಳಿಸಲಿಲ್ಲ. ಗಾಯವಾಗುವವರೆಗೆ 39 ಪಂದ್ಯ, 10 ಪಾಯಿಂಟ್. ಎಲ್ಲರೂ ತಲೆ ಚಚ್ಚಿಕೊಂಡರು. ಮರುವರ್ಷ ಅವರೇ 50 ಪಾಯಿಂಟ್ ಗಳಿಸಿದರು. ಅವರಿಗೆ ಆಡಲು ನಿಮಿಷಗಳು ಸಿಗುತ್ತಿದ್ದವು, ಕಪ್ ಗೆಲ್ಲಲೇಬೇಕೆಂಬ ಒತ್ತಡ ತಂಡದ ಮೇಲೆ ಇರಲಿಲ್ಲ. ಹಾಗಾಗಿ ನಾನು ಕೇಳುವ ಪ್ರಶ್ನೆ: ಇಲ್ಲಿ ನಾಲ್ಕನೇ ಲೈನ್‌ನಲ್ಲಿ (ಲೈನ್ ಅಂದರೆ ಒಟ್ಟಿಗೆ ಇಳಿಯುವ ಮೂವರು ಫಾರ್ವರ್ಡ್‌ಗಳ ಗುಂಪು) ಎಂಟು ನಿಮಿಷ ಸಿಗುತ್ತದಾ, ಮೇಲಿನ ಲೈನ್‌ಗಳಲ್ಲಿ ಹದಿನಾಲ್ಕು ಸಿಗುತ್ತದಾ? ಎಂಟೇ ಆದರೆ ಕೆಳಗಿನ ಲೀಗ್‌ನಲ್ಲಿ ಇಪ್ಪತ್ತು ನಿಮಿಷ ಆಡುವುದೇ ಮೇಲು.

8. ಶಿಬಿರ, ಮೊದಲ ಪಂದ್ಯಗಳು

ಸೆಪ್ಟೆಂಬರ್‌ನ ಅಭ್ಯಾಸ ಪಂದ್ಯದಲ್ಲಿ ಹ್ಯಾಟ್ರಿಕ್ ಹೊಡೆದ ಕೂಡಲೇ ಕುಣಿಯಬೇಡಿ. ಎದುರು ಯಾರು ಆಡಿದರು ನೋಡಿ. ಮೊದಲ ವಾರದಲ್ಲಿ ಎದುರಾಳಿಯ ಅರ್ಧ ತಂಡ ಎಎಚ್‌ಎಲ್‌ಗೆ ಹೋಗುವವರೇ. ಶಿಬಿರದ ಕೊನೆಯ ಎರಡು ಪಂದ್ಯಗಳಲ್ಲಿ ತಂಡಗಳು ಬಹುತೇಕ ನಿಜವಾದ ಬಳಗ ಇಳಿಸುತ್ತವೆ. ಅವನ್ನು ನೋಡಿ.

ಸೀಸನ್ ಶುರುವಾದ ಮೇಲೆ ಪಾಯಿಂಟ್‌ಗಿಂತ ಕೋಚ್‌ನ ನಡವಳಿಕೆ ಜಾಸ್ತಿ ಹೇಳುತ್ತದೆ. ಹುಡುಗ ಆಡುವ ನಿಮಿಷಗಳು ಪಂದ್ಯದಿಂದ ಪಂದ್ಯಕ್ಕೆ ಏರುತ್ತಿವೆಯೇ? ತಂಡ ಒಂದು ಗೋಲಿನಿಂದ ಮುಂದಿರುವಾಗ ಕೊನೆಯ ಐದು ನಿಮಿಷದಲ್ಲಿ ಐಸ್ ಮೇಲಿದ್ದಾನಾ? ತಪ್ಪು ಮಾಡಿ ಗೋಲು ಬಿಟ್ಟ ಮೇಲೆ ಮುಂದಿನ ಸರದಿಯಲ್ಲಿ ಮತ್ತೆ ಇಳಿಸಿದರಾ? 2024-25ರಲ್ಲಿ ಸ್ಯಾನ್ ಹೋಸೆಯ ಮ್ಯಾಕ್ಲಿನ್ ಸೆಲೆಬ್ರಿನಿ ಹದಿನೆಂಟರಲ್ಲೇ 70 ಪಂದ್ಯಗಳಿಗೆ 63 ಪಾಯಿಂಟ್ ಗಳಿಸಿದರು. ಅಂಥವರ ವಿಷಯದಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಬೇಗ ಸಿಗುತ್ತದೆ, ಜಗಳವೂ ಬೇಗ ಮುಗಿಯುತ್ತದೆ. ಉಳಿದವರಿಗೆ ಕನಿಷ್ಠ ಇಪ್ಪತ್ತು ಪಂದ್ಯ ಕಾಯಬೇಕು.

9. ತೀರ್ಪನ್ನು ಪೂರ್ತಿ ವಾಕ್ಯದಲ್ಲಿ ಬರೆಯಿರಿ

'ರೆಡಿ' ಅಥವಾ 'ರೆಡಿ ಇಲ್ಲ' ಎಂದು ಬರೆದರೆ ಯಾರಿಗೂ ಉಪಯೋಗ ಇಲ್ಲ. ಜಾಗ, ನಿಮಿಷ, ಷರತ್ತು ಮೂರೂ ಇರಲಿ. ಉದಾಹರಣೆಗೆ: 'ಮೂರನೇ ಲೈನ್‌ನ ವಿಂಗ್‌ನಲ್ಲಿ ಹದಿಮೂರು ನಿಮಿಷ, ಎರಡನೇ ಪವರ್ ಪ್ಲೇ ಗುಂಪಿನಲ್ಲಿ ಆದರೆ ಈಗಲೇ ಸರಿ. ಸೆಂಟರ್ ಆಗಿ ಬೇಡ, ಸ್ವಂತ ವಲಯದಲ್ಲಿ ಬೋರ್ಡ್ ಪಕ್ಕ ಹತ್ತರಲ್ಲಿ ನಾಲ್ಕು ಪಕ್ ಕಳೆದುಕೊಳ್ಳುತ್ತಾನೆ.' ಕೆಳಗೆ ದಿನಾಂಕ ಹಾಕಿ. ಡಿಸೆಂಬರ್‌ನಲ್ಲಿ ಹಾಳೆ ತೆಗೆದು, ಅವನದೇ ಇನ್ನೊಂದು ಪೂರ್ತಿ ಪಂದ್ಯ ಹಾಕಿಕೊಂಡು, ಅದೇ ಗೀಟುಗಳನ್ನು ಮತ್ತೆ ಹಾಕಿ.